ಕಾರಿನ ವಾರಂಟಿ ಕ್ಲೇಮ್ ಆಗಲ್ಲ ಅಂದರೆ: ಜಾಬ್ ಕಾರ್ಡ್‌ನಿಂದ ಗ್ರಾಹಕ ಆಯೋಗದವರೆಗೆ

ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಕಾರಿನ ಎಸಿ ಕೈಕೊಟ್ಟರೆ ಅದು ಸಣ್ಣ ವಿಷಯ ಅಲ್ಲ. ಹೊರಗೆ 43 ಡಿಗ್ರಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅದಕ್ಕಿಂತ ಜಾಸ್ತಿ. ಸ್ಟೀರಿಂಗ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ನಮ್ಮ ಕಾರಿಗೆ ಆಗ ಎರಡು ವರ್ಷ ಏಳು ತಿಂಗಳು. ವಾರಂಟಿ ಮೂರು ವರ್ಷ. ಹಾಗಾಗಿ ಆರಾಮಾಗಿ ರಿಂಗ್ ರೋಡಿನ ಕಂಪನಿ ವರ್ಕ್‌ಶಾಪ್‌ಗೆ ಹೋದೆ. ಅರ್ಧ ಗಂಟೆ ಬಿಟ್ಟು ಸರ್ವಿಸ್ ಅಡ್ವೈಸರ್ ಬಂದ. "ಕಂಡೆನ್ಸರ್ ಲೀಕ್ ಅದರಿ ಸರ. ಕಲ್ಲ್ ಬಡದದ. ವಾರಂಟಿದಾಗ ಬರಂಗಿಲ್ಲ ನೋಡ್ರಿ" ಅಂದ. ಕಂಡೆನ್ಸರ್ ಅಂದರೆ ಎಸಿ ಗ್ಯಾಸನ್ನು ತಣ್ಣಗಾಗಿಸುವ ಭಾಗ. ಅಂದಾಜು ಖರ್ಚು 14 ಸಾವಿರ ಚಿಲ್ಲರೆ.

ಇಪ್ಪತ್ಮೂರು ದಿನ ಆದಮೇಲೆ ಅದೇ ಕಂಡೆನ್ಸರ್ ವಾರಂಟಿಯಲ್ಲೇ ಬದಲಾಯಿತು. ಆ ಇಪ್ಪತ್ಮೂರು ದಿನದಲ್ಲಿ ಕಲಿತದ್ದು, ಆಮೇಲೆ ಗೆಳೆಯರ ಎರಡು ಮೂರು ಕೇಸುಗಳಲ್ಲಿ ಕೂತು ನೋಡಿದ್ದು, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಮುಖ್ಯವಾದ ಮಾತು ಒಂದೇ. ಬಾಯಲ್ಲಿ ಹೇಳಿದ "ಬರಂಗಿಲ್ಲ"ಕ್ಕೆ ಯಾರೂ ಉತ್ತರ ಕೊಡಲು ಆಗುವುದಿಲ್ಲ. ಅದನ್ನು ಮೊದಲು ಕಾಗದದ ಮೇಲೆ ತರಿಸಬೇಕು.

ಮೊದಲು ವಾರಂಟಿ ಪುಸ್ತಕ ಓದಿ

ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇನ್ಶೂರೆನ್ಸ್ ಕಾಗದದ ಕೆಳಗೆ ಒಂದು ಪುಸ್ತಕ ಇರುತ್ತದಲ್ಲ, ಅದನ್ನು ಯಾರೂ ತೆರೆಯುವುದಿಲ್ಲ. ಇವತ್ತು ತೆರೆಯಿರಿ. ಮೂರು ವಿಷಯ ನೋಡಿದರೆ ಸಾಕು. ವಾರಂಟಿ ಯಾವ ದಿನದಿಂದ ಶುರು, ಎಷ್ಟು ವರ್ಷ ಅಥವಾ ಎಷ್ಟು ಕಿಲೋಮೀಟರ್. ಯಾವ ಭಾಗಗಳಿಗೆ ಇಲ್ಲ. ಯಾವ ಸಂದರ್ಭದಲ್ಲಿ ರದ್ದಾಗುತ್ತದೆ.

ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್, ಬಲ್ಬ್ ಇಂಥ ಸವೆಯುವ ವಸ್ತುಗಳು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಟೈರು, ಬ್ಯಾಟರಿಗೆ ಅವುಗಳನ್ನು ತಯಾರಿಸಿದ ಕಂಪನಿಯದೇ ಬೇರೆ ವಾರಂಟಿ. ಇಲಿ ವೈರ್ ಕಡಿದರೆ, ಮಳೆಗಾಲದಲ್ಲಿ ಹಳ್ಳದ ನೀರು ಇಂಜಿನ್ನಿಗೆ ನುಗ್ಗಿದರೆ ಅದು ಇನ್ಶೂರೆನ್ಸ್ ಬಾಬ್ತು, ವಾರಂಟಿ ಅಲ್ಲ. ಇಂಥದ್ದಕ್ಕೆ ಜಗಳ ಆಡಿ ಶಕ್ತಿ ಹಾಳು ಮಾಡಿಕೊಳ್ಳಬೇಡಿ.

ಕಾರು ಕೊಳ್ಳುವಾಗ ದುಡ್ಡು ಕೊಟ್ಟು ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ದರೆ ಅದರ ಪ್ರಮಾಣಪತ್ರ ಬೇರೆ, ಷರತ್ತು ಬೇರೆ. ಮೊದಲ ವಾರಂಟಿಯಲ್ಲಿ ಬರುವ ಎಲ್ಲ ಭಾಗವೂ ಅದರಲ್ಲಿ ಬರಲಿಕ್ಕಿಲ್ಲ. ಅದನ್ನೂ ಓದಿ.

ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತೇ ಇರಲಿ

ವರ್ಕ್‌ಶಾಪ್‌ನಲ್ಲಿ ಮೊದಲು ತೆರೆಯುವುದು ಜಾಬ್ ಕಾರ್ಡ್, ಅಂದರೆ ಕಾರಿನ ತೊಂದರೆ ಏನು, ಏನು ಕೆಲಸ ಮಾಡಬೇಕು ಅಂತ ಬರೆದುಕೊಳ್ಳುವ ದಾಖಲೆ. ನಿಮ್ಮ ಕೇಸಿನ ಮೊದಲ ಸಾಕ್ಷಿ ಅದೇ. ಅಡ್ವೈಸರ್ ಅವಸರದಲ್ಲಿ "ಎಸಿ ಚೆಕಪ್" ಅಂತ ಎರಡೇ ಶಬ್ದ ಹೊಡೆದು ಟ್ಯಾಬ್ ಮೇಲೆ ಸಹಿ ಹಾಕಿಸಿಕೊಳ್ಳುತ್ತಾನೆ. ಹಾಗೆ ಬಿಡಬೇಡಿ. "ನಾಲ್ಕು ದಿನದಿಂದ ಎಸಿ ತಂಪು ಬರುತ್ತಿಲ್ಲ, ಗ್ಯಾಸ್ ಸೋರುವ ಅನುಮಾನ, ವಾರಂಟಿಯಲ್ಲಿ ಪರೀಕ್ಷಿಸಿ" ಅಂತ ಬರೆಸಿ. ಓಡೋಮೀಟರ್ ರೀಡಿಂಗ್ ಸರಿ ಇದೆಯಾ ನೋಡಿ. ಒಂದು ಪ್ರತಿ ವಾಟ್ಸಾಪ್‌ಗೆ ಹಾಕಿಸಿಕೊಳ್ಳಿ.

ತಾರೀಖು ಯಾಕೆ ಮುಖ್ಯ ಅಂದರೆ, ತೊಂದರೆ ವಾರಂಟಿ ಒಳಗೆ ಬಂದಿತ್ತು ಅಂತ ತೋರಿಸುವುದು ಜಾಬ್ ಕಾರ್ಡ್. ವಾರಂಟಿ 30ಕ್ಕೆ ಮುಗಿಯುತ್ತದೆ, ತೊಂದರೆ 26ಕ್ಕೆ ಕಾಣಿಸಿತು ಅಂದುಕೊಳ್ಳಿ. ಭಾಗ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಅಂತ ಫೋನಲ್ಲಿ ಹೇಳಿದರೆ ಕೇಳಬೇಡಿ. 30ರ ಒಳಗೆ ಕಾರು ಒಯ್ದು ಜಾಬ್ ಕಾರ್ಡ್ ತೆರೆಸಿ. ರಿಪೇರಿ ಆಮೇಲೆ ಆಗಲಿ.

ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆ ಇದ್ದರೆ, ಉದಾಹರಣೆಗೆ ಸ್ಟೀರಿಂಗ್‌ನಲ್ಲಿ ಕಟಕಟ ಸದ್ದು, ಬಂದಾಗ ವಿಡಿಯೋ ಮಾಡಿಡಿ. ವರ್ಕ್‌ಶಾಪ್‌ಗೆ ಹೋದ ದಿನ ಅದು ಖಂಡಿತ ಬರುವುದಿಲ್ಲ. ಹಲ್ಲುನೋವಿನ ಹಾಗೆ, ಡಾಕ್ಟರ್ ಮುಂದೆ ಕೂತ ತಕ್ಷಣ ಮಾಯ.

ಕ್ಲೇಮ್ ನಿಜವಾಗಿ ಕಂಪನಿಗೆ ಹೋಗಿದೆಯಾ?

ನನಗೆ ಇದು ಗೊತ್ತಿರಲೇ ಇಲ್ಲ. ಕಾರು ಮಾರಿದ ಡೀಲರ್ ಬೇರೆ, ಕಾರು ತಯಾರಿಸಿದ ಕಂಪನಿ ಬೇರೆ. ವಾರಂಟಿ ಕೊಟ್ಟಿರುವುದು ಕಂಪನಿ. ಡೀಲರ್ ಭಾಗ ಬದಲಿಸಿ, ಫೋಟೋ ಮತ್ತು ಪರೀಕ್ಷೆಯ ವಿವರ ಸೇರಿಸಿ ಕಂಪನಿಗೆ ಕ್ಲೇಮ್ ಹಾಕುತ್ತಾನೆ. ಕಂಪನಿ ಒಪ್ಪಿದರೆ ಭಾಗದ ದುಡ್ಡು, ಕೂಲಿ ಡೀಲರ್‌ಗೆ ವಾಪಸ್ ಬರುತ್ತದೆ. ಒಪ್ಪದಿದ್ದರೆ ಅವನ ಕೈಯಿಂದ ಹೋಯಿತು. ಹಾಗಾಗಿ ಸ್ವಲ್ಪ ಅನುಮಾನ ಬಂದರೂ ಕೌಂಟರ್‌ನಲ್ಲೇ "ಬರಂಗಿಲ್ಲ" ಅಂದುಬಿಡುವುದು ಅವನಿಗೆ ಸಲೀಸು. ತುಂಬಾ ಸಲ ಈ "ಇಲ್ಲ" ಕಂಪನಿಯ "ಇಲ್ಲ" ಆಗಿರುವುದೇ ಇಲ್ಲ. ಕಂಪನಿಗೆ ಸುದ್ದಿಯೇ ಹೋಗಿರುವುದಿಲ್ಲ.

ನಾನು ಎರಡನೇ ದಿನ ಹೋಗಿ ಕೇಳಿದೆ, "ಕಂಪನಿಗೆ ಕಳಿಸಿದ್ದೀರಾ? ಕ್ಲೇಮ್ ನಂಬರ್ ಕೊಡ್ರಿ." ಹುಡುಗ ತಲೆ ಕೆರೆದುಕೊಂಡ. "ಕಳ್ಸಿಲ್ಲ್ರಿ ಸರ, ಕಳ್ಸಿದ್ರೂ ರಿಜೆಕ್ಟೇ ಆಗ್ತದ." ಆಗ ನಾನು ಅವನ ಹತ್ತಿರ ವಾದ ಮಾಡುವುದು ಬಿಟ್ಟು ಸರ್ವಿಸ್ ಮ್ಯಾನೇಜರ್ ಹತ್ತಿರ ಹೋದೆ. ಅಡ್ವೈಸರ್ ಮೇಲೆ ರೇಗಿ ಉಪಯೋಗ ಇಲ್ಲ. ನಾಳೆ ನಿಮ್ಮ ಕಾರು ಬಿಚ್ಚುವಾಗ ಪಕ್ಕದಲ್ಲಿ ನಿಲ್ಲುವವನು ಅವನೇ.

ಮ್ಯಾನೇಜರ್‌ಗೆ ಕೇಳಬೇಕಾದ್ದು ಇಷ್ಟೇ: ಕ್ಲೇಮ್ ಹಾಕಿ, ಇಲ್ಲವಾದರೆ ಯಾಕೆ ಹಾಕುವುದಿಲ್ಲ ಅಂತ ಬರೆದುಕೊಡಿ. ಯಾವ ಭಾಗ, ಏನು ಪರೀಕ್ಷೆ ಮಾಡಿದಿರಿ, ಏನು ಕಂಡಿತು, ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ಇಲ್ಲ. "ಸಿಸ್ಟಮ್‌ನಾಗ ಅಪ್ರೂವ್ ಆಗಿಲ್ಲ" ಅನ್ನುವುದು ಕಾರಣ ಅಲ್ಲ.

ಬರೆದುಕೊಡಲು ಒಪ್ಪದಿದ್ದರೆ ನೀವೇ ಬರೆಯಿರಿ. ಮನೆಗೆ ಬಂದು ಅವತ್ತೇ ಇಮೇಲ್ ಹಾಕಿ: "ಇಂದು ಬೆಳಗ್ಗೆ ಕಲ್ಲು ಬಡಿದಿದೆ ಎಂಬ ಕಾರಣಕ್ಕೆ ವಾರಂಟಿ ಇಲ್ಲ ಎಂದು ತಿಳಿಸಿದಿರಿ. ಇದು ತಪ್ಪಾಗಿದ್ದರೆ ತಿದ್ದಿ." ಉತ್ತರ ಬಂದರೆ ಅವರ ಬಾಯಿಂದಲೇ ಕಾರಣ ಸಿಕ್ಕಿತು. ಬರದಿದ್ದರೆ ನಿಮ್ಮ ಮಾತನ್ನು ಅವರು ಅಲ್ಲಗಳೆಯಲಿಲ್ಲ ಅಂತ ಮುಂದೆ ಹೇಳಬಹುದು.

ಕೆಟ್ಟ ಭಾಗವನ್ನು ಕಣ್ಣಾರೆ ನೋಡಿ

ಕಂಡೆನ್ಸರ್ ಅಂದರೆ ರೇಡಿಯೇಟರ್ ಮುಂದೆ, ಗ್ರಿಲ್ ಹಿಂದೆ ಇರುವ ಜಾಲರಿಯಂಥ ವಸ್ತು. ಅಡ್ಡಡ್ಡ ಚಪ್ಪಟೆ ಅಲ್ಯೂಮಿನಿಯಂ ಕೊಳವೆಗಳು, ನಡುವೆ ಕಾಗದದಷ್ಟು ತೆಳು ರೆಕ್ಕೆಗಳು. ಕಲ್ಲು ಬಡಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಜೋರಾಗಿ ಬಡಿದರೆ ಕೊಳವೆಯಲ್ಲಿ ಗುಳಿ ಬಿದ್ದು ತೂತಾಗುತ್ತದೆ. ಅದು ಹೊರಗಿನ ಪೆಟ್ಟು, ಅದಕ್ಕೆ ವಾರಂಟಿ ಇಲ್ಲ, ಸರಿ.

ಆದರೆ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ, ಕಂಕರ್ ಟಿಪ್ಪರ್ ಹಿಂದೆ ಎರಡೂವರೆ ವರ್ಷ ಓಡಿದ ಯಾವ ಕಾರಿನ ಕಂಡೆನ್ಸರ್‌ಗೆ ಕಲ್ಲು ಬಡಿದಿರುವುದಿಲ್ಲ ಹೇಳಿ? ಪ್ರಶ್ನೆ ಕಲ್ಲು ಬಡಿದಿದೆಯಾ ಅನ್ನುವುದಲ್ಲ. ಗ್ಯಾಸ್ ಸೋರುತ್ತಿರುವುದು ಕಲ್ಲು ಬಡಿದ ಜಾಗದಿಂದಲೇನಾ ಅನ್ನುವುದು.

ಬಂಪರ್ ಬಿಚ್ಚಿಸಿ ನೋಡಿದೆ. ನಡುಮಧ್ಯದಲ್ಲಿ ಎರಡು ಕಡೆ ರೆಕ್ಕೆ ಮಡಚಿತ್ತು. ಅಲ್ಲಿ ಒಣ ಧೂಳು ಬಿಟ್ಟರೆ ಏನೂ ಇರಲಿಲ್ಲ. ಬಲಗಡೆ ತುದಿಯಲ್ಲಿ, ಪೈಪ್ ಬಂದು ಕೂಡುವ ಬೆಸುಗೆಯ ಹತ್ತಿರ ಮಾತ್ರ ನಾಲ್ಕಾಣೆ ಅಗಲದ ಕರಿ ಕಲೆ, ಮುಟ್ಟಿದರೆ ಬೆರಳಿಗೆ ಜಿಡ್ಡು. ಎಸಿ ಗ್ಯಾಸ್ ಜೊತೆ ಕಂಪ್ರೆಸರ್‌ನ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಒಸರಿ ಧೂಳು ಹಿಡಿಯುತ್ತದೆ. ನಾನು ಮೆಕ್ಯಾನಿಕ್‌ಗೆ, "ಅಣ್ಣ, ನೈಟ್ರೋಜನ್ ಹೊಡೆದು ಸೋಪಿನ ನೀರು ಹಚ್ಚಿ ನೋಡೋಣ್ರಿ" ಅಂದೆ. ಮಡಚಿದ ರೆಕ್ಕೆಗಳ ಮೇಲೆ ಸೋಪು ಸುಮ್ನೆ ಇಳಿದು ಹೋಯಿತು. ಬೆಸುಗೆಯ ಹತ್ತಿರ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಅದನ್ನು ಒಂದೇ ವಿಡಿಯೋದಲ್ಲಿ, ಕಾರಿನ ನಂಬರ್ ಪ್ಲೇಟ್‌ನಿಂದ ಶುರು ಮಾಡಿ ಗುಳ್ಳೆಯವರೆಗೆ, ನಡುವೆ ಎಲ್ಲೂ ಕತ್ತರಿಸದೆ ತೆಗೆದೆ. ನನ್ನ ಕೇಸು ಗೆದ್ದದ್ದು ಆ ನಲವತ್ತು ಸೆಕೆಂಡಿನ ವಿಡಿಯೋದಿಂದ.

ನಿಮ್ಮದು ಬೇರೆ ಭಾಗ ಇರಬಹುದು. ಕೇಳುವ ಪ್ರಶ್ನೆ ಮಾತ್ರ ಇದೇ: ಅವರು ತೋರಿಸುವ ಕಾರಣಕ್ಕೂ ಕೆಟ್ಟ ಜಾಗಕ್ಕೂ ಸಂಬಂಧ ಇದೆಯಾ? ಇಂಜಿನ್, ಸೆನ್ಸರ್ ತೊಂದರೆ ಆಗಿದ್ದರೆ ಸ್ಕ್ಯಾನರ್ ಹಚ್ಚಿದಾಗ ಬರುವ ಫಾಲ್ಟ್ ಕೋಡ್‌ಗಳ ಪ್ರಿಂಟ್ ಕೇಳಿ. ಕೋಡ್ ಅಳಿಸುವ ಮೊದಲು ಕೇಳಿ.

ಇನ್ನೊಂದು ಎಚ್ಚರಿಕೆ. ಬಿಸಿಲು ತಡೆಯಲಾರದೆ ಹೊರಗಿನ ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿಬಿಡೋಣ ಅನಿಸುತ್ತದೆ. ನನಗೂ ಅನಿಸಿತ್ತು, ಮನೆಯಲ್ಲಿ ದಿನಾ ಬೈಗುಳ. ಆದರೆ ಹೊರಗಿನವರು ಕೈ ಹಾಕಿದರೆ ಕಂಪನಿಗೆ ಹೊಸ ಕಾರಣ ಸಿಕ್ಕ ಹಾಗೆ, ಸಾಕ್ಷಿಯೂ ಹೋದ ಹಾಗೆ. ಇಲ್ಲಿನ ವರ್ಕ್‌ಶಾಪ್ ಮೇಲೆ ನಂಬಿಕೆ ಇಲ್ಲದಿದ್ದರೆ ಅದೇ ಕಂಪನಿಯ ಬೇರೆ ವರ್ಕ್‌ಶಾಪ್‌ಗೆ ಹೋಗಿ. ವಾರಂಟಿ ಸಾಮಾನ್ಯವಾಗಿ ದೇಶದ ಯಾವ ಅಧಿಕೃತ ವರ್ಕ್‌ಶಾಪ್‌ನಲ್ಲೂ ನಡೆಯುತ್ತದೆ. ನಮಗೆ ಸೊಲ್ಲಾಪುರ ಇದೆ, ಬೀದರ್‌ನವರಿಗೆ ಹೈದರಾಬಾದ್ ಇದೆ.

ಪದೇ ಪದೇ ಕೇಳಿಬರುವ ಬೇರೆ ಕಾರಣಗಳು

"ಸರ್ವಿಸ್ ತಡ ಮಾಡಿದ್ದೀರಿ." ಇದು ಗಟ್ಟಿ ಕಾರಣ, ಇದರಲ್ಲಿ ಸೋತವರು ಜಾಸ್ತಿ. ಯಾದಗಿರಿಯ ನಮ್ಮ ಸಂಬಂಧಿಕರೊಬ್ಬರು ಐದು ತಿಂಗಳು ತಡವಾಗಿ ಆಯಿಲ್ ಬದಲಿಸಿದ್ದರು. ಟರ್ಬೊ ಹೋದಾಗ ಕಂಪನಿ ಒಪ್ಪಲಿಲ್ಲ, ನನಗೂ ಹೇಳಲು ಏನೂ ಉಳಿಯಲಿಲ್ಲ. ಆದರೆ ಸರ್ವಿಸ್ ಹದಿನೈದು ದಿನ ತಡ ಆಗಿದೆ, ಕೆಟ್ಟಿರುವುದು ಪವರ್ ವಿಂಡೋ ಮೋಟಾರ್ ಅಂದರೆ? ಆಯಿಲಿಗೂ ಕಿಟಕಿಗೂ ಏನು ಸಂಬಂಧ ಅಂತ ಬರಹದಲ್ಲಿ ಕೇಳಿ.

"ಹೊರಗಿನ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದೀರಿ." ವೈರ್ ಕತ್ತರಿಸಿ ಹಾಕಿದ್ದರೆ ವೈರಿಂಗ್ ತೊಂದರೆಗೆ ಈ ಮಾತು ನಿಲ್ಲುತ್ತದೆ. ಸಸ್ಪೆನ್ಷನ್ನಿಗೆ ನಿಲ್ಲುವುದಿಲ್ಲ.

"ಕಲಬೆರಕೆ ಡೀಸೆಲ್." ಹಾಗಾದರೆ ಟ್ಯಾಂಕಿನ ಸ್ಯಾಂಪಲ್ ಲ್ಯಾಬ್‌ಗೆ ಕಳಿಸಿದ್ದೀರಾ, ವರದಿ ಎಲ್ಲಿ ಅಂತ ಕೇಳಿ. ನೀವು ಬಂಕ್‌ನ ಬಿಲ್ಲು, ಫೋನ್‌ಪೇ ದಾಖಲೆ ಜೋಡಿಸಿಡಿ.

"ಈ ಮಾಡಲ್‌ನಲ್ಲಿ ಹೀಗೇ ಸದ್ದು ಬರುತ್ತದೆ." ಇದಕ್ಕೆ ಸುಲಭ ಮದ್ದು ಇದೆ. ಶೋರೂಮಿನ ಟೆಸ್ಟ್ ಡ್ರೈವ್ ಕಾರಿನಲ್ಲಿ ಅಡ್ವೈಸರ್‌ನನ್ನೇ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಓಡಿಸಿ.

ಕಂಪನಿಯ ಕಸ್ಟಮರ್ ಕೇರ್‌ಗೆ ಬರೆಯುವುದು

ಡೀಲರ್ ಬಗ್ಗದಿದ್ದರೆ ಮುಂದಿನ ಬಾಗಿಲು ಕಂಪನಿ. ಟೋಲ್ ಫ್ರೀ ನಂಬರ್‌ಗೆ ಫೋನ್ ಮಾಡಿ, ಆದರೆ ದೂರಿನ ನಂಬರ್ ತಗೊಳ್ಳುವುದಕ್ಕೆ ಮಾತ್ರ. ಅಲ್ಲಿ ಮಾತಾಡುವವರು ನಿಮ್ಮ ದೂರನ್ನು ಬರೆದುಕೊಂಡು ಅದೇ ಡೀಲರ್‌ಗೆ ವಾಪಸ್ ಕಳಿಸುತ್ತಾರೆ. ಡೀಲರ್ "ಗ್ರಾಹಕರಿಗೆ ವಿವರಿಸಲಾಗಿದೆ" ಅಂತ ಬರೆದು ದೂರು ಮುಚ್ಚುತ್ತಾನೆ. ನನ್ನದು ಹೀಗೆ ಎರಡು ಸಲ ಮುಚ್ಚಿತು. ಎರಡೂ ಸಲ ಮತ್ತೆ ತೆರೆಸಿದೆ, ಹಳೇ ನಂಬರ್ ಬಿಡಲಿಲ್ಲ.

ಕೆಲಸ ಮಾಡುವುದು ಇಮೇಲ್. ವೆಬ್‌ಸೈಟ್‌ನಲ್ಲಿ ಕೊಟ್ಟ ವಿಳಾಸಕ್ಕೆ ಬರೆದು ಡೀಲರ್‌ನ ಸರ್ವಿಸ್ ಮ್ಯಾನೇಜರ್‌ಗೂ ಪ್ರತಿ ಹಾಕಿ. ಸಿಟ್ಟು ಬೇಡ, ಹದಿನೈದು ಸಾಲು ಸಾಕು. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ನನ್ನ ಕಾರಿನ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಕೊಂಡ ದಿನ, ಈಗಿನ ಕಿಲೋಮೀಟರ್ ಮೇಲೆ ಕೊಟ್ಟಿದ್ದೇನೆ. ಎಲ್ಲ ಸರ್ವಿಸ್ ನಿಮ್ಮ ಅಧಿಕೃತ ವರ್ಕ್‌ಶಾಪ್‌ನಲ್ಲೇ ಆಗಿದೆ. ಎಸಿ ಕಂಡೆನ್ಸರ್ ಸೋರಿಕೆಗೆ ಕಲ್ಲಿನ ಪೆಟ್ಟು ಕಾರಣ ಎಂದು ಡೀಲರ್ ಹೇಳಿದ್ದಾರೆ. ಸೋರಿಕೆ ಪೈಪಿನ ಬೆಸುಗೆಯಲ್ಲಿದೆ, ರೆಕ್ಕೆ ಮಡಚಿದ ಜಾಗದಲ್ಲಿ ಇಲ್ಲ. ವಿಡಿಯೋ ಲಗತ್ತಿಸಿದೆ. ನಿಮ್ಮ ಪ್ರಾದೇಶಿಕ ಸರ್ವಿಸ್ ಅಧಿಕಾರಿ ಕಾರನ್ನು ನನ್ನ ಎದುರಿಗೆ ಪರೀಕ್ಷಿಸಲಿ. ಕಂಡೆನ್ಸರ್, ಗ್ಯಾಸ್, ಕೂಲಿ ಮೂರನ್ನೂ ವಾರಂಟಿಯಲ್ಲಿ ಮಾಡಿಕೊಡಿ. ಸಾಧ್ಯವಿಲ್ಲ ಎಂದಾದರೆ ಯಾವ ಷರತ್ತಿನ ಪ್ರಕಾರ ಎಂದು 10 ದಿನದೊಳಗೆ ಬರೆದು ತಿಳಿಸಿ."

ಇದರಲ್ಲಿ ಬೆಲೆ ಇರುವ ಸಾಲು ಪ್ರಾದೇಶಿಕ ಅಧಿಕಾರಿಯದು. ಅವರು ಕಂಪನಿಯ ಮನುಷ್ಯ, ಡೀಲರ್‌ಗಳ ವರ್ಕ್‌ಶಾಪ್‌ಗಳನ್ನು ಸುತ್ತುತ್ತಿರುತ್ತಾರೆ. ಅವರು ಬರುವ ದಿನ ಕೇಳಿಕೊಂಡು ಕಾರು ಅಲ್ಲಿ ಇರುವ ಹಾಗೆ ನೋಡಿಕೊಳ್ಳಿ. ನಮ್ಮಲ್ಲಿ ಬಂದವರು ಹತ್ತು ನಿಮಿಷ ನೋಡಿದರು, ಅಡ್ವೈಸರ್ ಮುಖ ನೋಡಿದರು, "ಕ್ಲೇಮ್ ಹಾಕು" ಅಂದರು. ಅಷ್ಟೇ.

ಗ್ಯಾಸ್ ಬಗ್ಗೆ ಮಾತ್ರ ಇನ್ನೂ ಒಂದು ಸುತ್ತು ಎಳೆದಾಟ ಆಯಿತು. ಅದು ಖರ್ಚಾಗುವ ವಸ್ತು ಅಂದರು. ಅದು ಖರ್ಚಾಗಿಲ್ಲ, ನಿಮ್ಮ ಭಾಗ ಕೆಟ್ಟಿದ್ದಕ್ಕೆ ಸೋರಿಹೋಗಿದೆ ಅಂದೆ. ಒಪ್ಪಿದರು.

ವಾರಂಟಿ ಮುಗಿದು ಸ್ವಲ್ಪವೇ ದಿನ ಆಗಿದ್ದರೂ ಕೇಳಿ ನೋಡಿ. "ಗುಡ್‌ವಿಲ್" ಅನ್ನುವ ಹೆಸರಲ್ಲಿ ಕಂಪನಿಗಳು ಖರ್ಚಿನ ಒಂದು ಪಾಲು ಹೊರುವುದುಂಟು. ಅದು ಹಕ್ಕಲ್ಲ, ಆದರೆ ಕೇಳದವರಿಗೆ ಸಿಗುವುದೂ ಇಲ್ಲ.

ಸರ್ವಿಸ್ ಮುಗಿದ ಎರಡು ಮೂರು ದಿನಕ್ಕೆ ಒಂದು ಫೋನ್ ಬರುತ್ತದೆ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ. ಅದಕ್ಕೂ ಮೊದಲೇ ಅಡ್ವೈಸರ್ "ಹತ್ತಕ್ ಹತ್ ಕೊಡ್ರಿ ಸರ" ಅಂತ ಕೈ ಮುಗಿದಿರುತ್ತಾನೆ. ತೊಂದರೆ ಉಳಿದಿದ್ದರೆ ದಾಕ್ಷಿಣ್ಯಕ್ಕೆ ಹತ್ತು ಕೊಡಬೇಡಿ. "ಗ್ರಾಹಕರು ತೃಪ್ತರು" ಅಂತ ದಾಖಲೆ ಆಗುತ್ತದೆ.

ಕಾರು ಬೇಕೇ ಬೇಕು, ದುಡ್ಡು ಕಟ್ಟದೆ ಬಿಡುವುದಿಲ್ಲ ಅನ್ನುವ ಪರಿಸ್ಥಿತಿ ಬಂದರೆ ಕಟ್ಟಿ. ಆದರೆ ಬಿಲ್ಲಿನ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ, ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ" ಅಂತ ಬರೆದು ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ. ಹಳೇ ಭಾಗ ಕೇಳಿ ತಗೊಳ್ಳಿ. ದುಡ್ಡು ಕೊಟ್ಟು ಬದಲಿಸಿದ ಮೇಲೆ ಅದು ನಿಮ್ಮದು. ಗುಜರಿಗೆ ಹಾಕದೆ ಚೀಲದಲ್ಲಿ ಕಟ್ಟಿಡಿ.

1915

ಕಂಪನಿಯೂ ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಇವರಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಆದರೂ ಮಾಡಿ, ಪುಕ್ಕಟೆ. ಡೀಲರ್‌ಗೆ ವಾಪಸ್ ಹೋಗಿ ಮುಚ್ಚುವ ದೂರು ಇಲ್ಲಿಂದ ಹೋದಾಗ ಕಂಪನಿಯೊಳಗೆ ಬೇರೆ ಮೇಜಿಗೆ ಬೀಳುವ ಸಾಧ್ಯತೆ ಇದೆ.

ಇದಾದ ಮೇಲೆ ನೋಟಿಸ್. ಗ್ರಾಹಕ ಆಯೋಗ ಅಂದರೆ ಗ್ರಾಹಕರ ದೂರು ವಿಚಾರಿಸುವ ಕೋರ್ಟಿನಂಥದ್ದು. ಅಲ್ಲಿಗೆ ಹೋಗಲು ವಕೀಲರ ನೋಟಿಸ್ ಕಡ್ಡಾಯ ಅಲ್ಲ. ನೀವೇ ಒಂದು ಪುಟ ಬರೆದು ಕಂಪನಿಗೂ ಡೀಲರ್‌ಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. 15 ದಿನ ಗಡುವು ಕೊಡಿ. ರಸೀದಿ, ತಲುಪಿದ ದಿನದ ಪ್ರಿಂಟ್ ಇಟ್ಟುಕೊಳ್ಳಿ.

ಜಿಲ್ಲಾ ಗ್ರಾಹಕ ಆಯೋಗ

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ನಮ್ಮಂಥ ಊರಿನವರಿಗೆ ಇದರಿಂದ ಆದ ದೊಡ್ಡ ಅನುಕೂಲ ಅಂದರೆ, ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಾಗದ ಆಯೋಗದಲ್ಲೇ ದೂರು ಹಾಕಬಹುದು. ಕಾರು ಹೈದರಾಬಾದ್‌ನಲ್ಲಿ ಕೊಂಡಿರಲಿ, ಕಂಪನಿಯ ಆಫೀಸು ಎಲ್ಲೇ ಇರಲಿ, ಕಲಬುರಗಿಯವರು ಕಲಬುರಗಿಯಲ್ಲೇ ಹಾಕಬಹುದು.

ಕಾರಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. ಲೆಕ್ಕ ಹಾಕುವುದು ಕೊಟ್ಟ ಬೆಲೆಯಿಂದ, ನೀವು ಕೇಳುವ ಪರಿಹಾರದಿಂದ ಅಲ್ಲ. ಶುಲ್ಕ ಕೇಳಿದರೆ ನಗು ಬರುತ್ತದೆ: 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ತೊಂದರೆ ಶುರುವಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಇಮೇಲ್ ಬರೆಯುತ್ತಾ ಕೂತು ಈ ಗಡುವು ಮರೆಯಬೇಡಿ. ಆನ್‌ಲೈನ್‌ನಲ್ಲಿ ಹಾಕುವುದಾದರೆ ಇ-ಜಾಗೃತಿ ಪೋರ್ಟಲ್ ಇದೆ, 2025ರ ಜನವರಿಯಲ್ಲಿ ಶುರುವಾದದ್ದು. ವಕೀಲರಿಲ್ಲದೆ ನೀವೇ ವಾದ ಮಾಡಬಹುದು.

ಎದುರುಪಕ್ಷದಲ್ಲಿ ಕಂಪನಿ, ಡೀಲರ್ ಇಬ್ಬರನ್ನೂ ಸೇರಿಸಿ. ಡೀಲರ್ ಮಾಡಿದ ಎಲ್ಲದಕ್ಕೂ ಕಂಪನಿಯನ್ನು ಹೊಣೆ ಮಾಡಲು ಆಗುವುದಿಲ್ಲ ಅಂತ ಟಾಟಾ ಮೋಟಾರ್ಸ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಒಬ್ಬರನ್ನೇ ಹಾಕಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಏನು ಕೇಳಬೇಕು ಅನ್ನುವುದರಲ್ಲಿ ಜನ ಎಡವುತ್ತಾರೆ. ಸಿಟ್ಟಿಗೆ "ಹೊಸ ಕಾರೇ ಕೊಡಿ" ಅಂತ ಬರೆಯುತ್ತಾರೆ. ಮಾರುತಿ ಉದ್ಯೋಗ್‌ನ ಪ್ರಕರಣವೊಂದರಲ್ಲಿ, 2006ರಲ್ಲಿ, ವಾರಂಟಿ ಇರುವುದು ಕೆಟ್ಟ ಭಾಗ ಸರಿಪಡಿಸುವುದಕ್ಕೆ, ಇಡೀ ಕಾರು ಬದಲಿಸುವುದಕ್ಕಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಇಡೀ ಕಾರೇ ಬೇಕು ಅನ್ನುವಷ್ಟು ದೊಡ್ಡ ತಯಾರಿಕಾ ದೋಷ ಇದ್ದರೆ ತಜ್ಞರ ವರದಿ ಬೇಕು. ಪರೀಕ್ಷೆಗೆ ಕಳಿಸಿ ಅಂತ ಆಯೋಗವನ್ನೇ ಕೇಳಿಕೊಳ್ಳಬಹುದು. ಸಾಮಾನ್ಯ ಕೇಸಿನಲ್ಲಿ ಭಾಗದ ಬದಲಾವಣೆ ಅಥವಾ ಕಟ್ಟಿದ ಬಿಲ್ಲಿನ ಹಣ, ಅದಕ್ಕೆ ಬಡ್ಡಿ, ಓಡಾಟ ಮತ್ತು ಮಾನಸಿಕ ತೊಂದರೆಗೆ ಪರಿಹಾರ, ಕೇಸಿನ ಖರ್ಚು. ಇಷ್ಟು ಕೇಳಿ.

ಟ್ಯಾಕ್ಸಿ ಓಡಿಸುವವರಿಗೆ ಒಂದು ಮಾತು. ವ್ಯಾಪಾರಕ್ಕೆ ಕೊಂಡ ವಾಹನ ಅಂತ ಕಂಪನಿ ತಕರಾರು ತೆಗೆಯುತ್ತದೆ. ನೀವೇ ಓಡಿಸಿ ಹೊಟ್ಟೆ ಹೊರೆಯುತ್ತಿದ್ದರೆ ಕಾಯ್ದೆಯ ಪ್ರಕಾರ ನೀವೂ ಗ್ರಾಹಕರೇ. ದೂರಿನಲ್ಲೇ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಆಯೋಗದ ನೋಟಿಸ್ ತಲುಪಿದ ಮೇಲೆ ಎದುರುಪಕ್ಷ 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕಿಂತ ಜಾಸ್ತಿ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿದೆ. ಹಾಗಾಗಿ ಆ ದಿನಗಳನ್ನು ಎಣಿಸುತ್ತಿರಿ. ಪರೀಕ್ಷೆ ಬೇಡದ ಕೇಸು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ವಾಯಿದೆ ಮೇಲೆ ವಾಯಿದೆ ಬೀಳುವುದೂ ಇದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ನಡುವೆ ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಅಂತ ಕೇಳಬಹುದು. ಹದಿನಾಲ್ಕು ಸಾವಿರದ ವಿಷಯಕ್ಕೆ ನಾನಾಗಿದ್ದರೆ ಒಪ್ಪುತ್ತಿದ್ದೆ.

ಗೆದ್ದಮೇಲೆ ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧ ಹಣ ಕಟ್ಟಿಯೇ ಹೋಗಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಅಂದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ ಆಗಬಹುದು.

ಭಾಗ ಬದಲಾಗಿ ಕಾರು ವಾಪಸ್ ಸಿಗುವ ದಿನ ಗೇಟ್ ಪಾಸ್‌ಗೆ ಅವಸರ ಮಾಡಬೇಡಿ. ಬಿಲ್ಲಿನಲ್ಲಿ ಹೊಸ ಭಾಗದ ನಂಬರ್, "ವಾರಂಟಿ" ಅನ್ನುವ ಶಬ್ದ, ಮೊತ್ತ ಸೊನ್ನೆ, ಮೂರೂ ಇದೆಯಾ ನೋಡಿ. ನಾನು ಅಡುಗೆಮನೆಯ ಥರ್ಮಾಮೀಟರ್ ಒಯ್ದಿದ್ದೆ. ಮಧ್ಯಾಹ್ನ ಎರಡಕ್ಕೆ ಹುಮನಾಬಾದ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ನಡುವಿನ ವೆಂಟ್‌ಗೆ ಹಿಡಿದಾಗ 11 ಡಿಗ್ರಿ ತೋರಿಸಿತು. ರಿಪೇರಿಗೆ ಮೊದಲು ಅದೇ ವೆಂಟ್‌ನಲ್ಲಿ 31 ಇತ್ತು. ಆಮೇಲೆ ಸಹಿ ಹಾಕಿದೆ.